ಕೈ ಜೋಮು ಹಿಡಿಯುತ್ತಿದೆಯಾ? ನಿಮ್ಮ ಕೆಲಸದಲ್ಲಿ ಕಾರ್ಪಲ್ ಟನಲ್ ಅಪಾಯ ಎಷ್ಟಿದೆ ಅಂತ ನೀವೇ ನೋಡಿಕೊಳ್ಳಿ

"ದಿನವಿಡೀ ಕಂಪ್ಯೂಟರ್ ಮುಂದೆ ಕೂರ್ತೀನಿ, ರಾತ್ರಿ ಕೈ ಜೋಮು ಹಿಡಿಯುತ್ತೆ, ಇದು ಕಾರ್ಪಲ್ ಟನಲ್ಲಾ? ಕೆಲಸ ಬಿಡಬೇಕಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಾರ್ಪಲ್ ಟನಲ್ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ ಕೈ ಜೋಮು ಹಿಡಿಯುವ ಕಾಯಿಲೆ. ಕೆಲಸದ ಹೆಸರು ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆ ಕೆಲಸದಲ್ಲಿ ನಿಮ್ಮ ಕೈ ಏನು ಮಾಡುತ್ತಿದೆ ಅನ್ನುವುದನ್ನು ನೋಡಬೇಕು.

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಆಫೀಸಿನವರು. ಆದರೆ ಗಾರ್ಮೆಂಟ್ಸ್ ಲೈನಿನಲ್ಲಿ ನೂಲು ಕತ್ತರಿಸುವವರು, ಕಟ್ಟಡದಲ್ಲಿ ಕಂಬಿ ಕಟ್ಟುವವರು, ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು ಅವರಿಗಿಂತ ಜಾಸ್ತಿ ಅಪಾಯದಲ್ಲಿ ಇದ್ದಾರೆ, ಮತ್ತು ಅವರು ಕೇಳುವುದೇ ಕಡಿಮೆ. ನೋವಿನ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ, ಬೆಳಗ್ಗೆ ಎದ್ದು ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಬೇಕಾಗಿರುವುದು ಇಷ್ಟೇ: ಕ್ಯಾಮೆರಾ ಇರುವ ಫೋನ್, ಒಂದು ಪೆನ್ನು, ಒಂದು ಹಾಳೆ, ಮತ್ತು ಹತ್ತು ನಿಮಿಷ ಫೋನ್ ಹಿಡಿದು ನಿಲ್ಲಲು ಒಬ್ಬರು.

ಶುರು ಮಾಡುವ ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದಿರಲಿ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವುಗಳ ಮೇಲೆ, ಅಂಗೈ ಕಡೆಯಿಂದ, ಒಂದು ಗಟ್ಟಿ ಪಟ್ಟಿ ಅಡ್ಡಲಾಗಿ ಹಾದುಹೋಗುತ್ತದೆ. ಮೂಳೆಗೂ ಪಟ್ಟಿಗೂ ನಡುವೆ ಇರುವ ಇಕ್ಕಟ್ಟಾದ ದಾರಿಯೇ ಕಾರ್ಪಲ್ ಟನಲ್, ಕಾಯಿಲೆಗೂ ಅದೇ ಹೆಸರು. ಬೆರಳು ಮಡಚುವ ಒಂಬತ್ತು ಹುರಿಗಳು (ಡಾಕ್ಟರು ಇವನ್ನು ಟೆಂಡನ್ ಅನ್ನುತ್ತಾರೆ) ಮತ್ತು ಮೀಡಿಯನ್ ಅನ್ನುವ ಒಂದು ನರ, ಹತ್ತೂ ಅದರೊಳಗೇ ಸಾಗಬೇಕು. ಹುರಿಗಳ ಸುತ್ತಲಿನ ಪೊರೆ ದಪ್ಪಗಾದರೆ ನರಕ್ಕೆ ಜಾಗ ಸಾಲದು. ಈ ದಾರಿಯೊಳಗಿನ ಒತ್ತಡವನ್ನು 1981ರಲ್ಲಿ ಅಳೆದು ನೋಡಿದ್ದಾರೆ. ಮಣಿಕಟ್ಟು ನೇರ ಇದ್ದಾಗ ಆರೋಗ್ಯವಂತರಲ್ಲಿ ಸುಮಾರು 2.5 ಮಿಲಿಮೀಟರ್ ಪಾದರಸ (ಬಿಪಿ ಅಳೆಯುವ ಅದೇ ಮಾಪನ), ಕಾಯಿಲೆ ಇದ್ದವರಲ್ಲಿ 32. ಮಣಿಕಟ್ಟನ್ನು ಪೂರ್ತಿ ಬಗ್ಗಿಸಿದಾಗ ಆರೋಗ್ಯವಂತರಲ್ಲೂ ಅದು 30ರ ಹತ್ತಿರ ಹೋಯಿತು, ಕಾಯಿಲೆ ಇದ್ದವರಲ್ಲಿ 90 ದಾಟಿತು. 30 ದಾಟಿದರೆ ನರಕ್ಕೆ ರಕ್ತ ಹರಿಯುವುದೇ ಕಷ್ಟ. ಮಲಗಿದಾಗ ನಮಗೆ ಗೊತ್ತಿಲ್ಲದೇ ಮಣಿಕಟ್ಟು ಮಡಚಿಕೊಳ್ಳುತ್ತದೆ, ರಾತ್ರಿ ಜೋಮು ಜಾಸ್ತಿ ಆಗುವುದು ಅದಕ್ಕೇ.

1. ಯಾವ ಬೆರಳು ಅಂತ ಬರೆದಿಟ್ಟುಕೊಳ್ಳಿ

ಹಾಳೆಯ ಮೇಲೆ ಕೈ ಇಟ್ಟು ಸುತ್ತ ಗೆರೆ ಎಳೆಯಿರಿ. ಎಲ್ಲಿ ಜೋಮು, ಎಲ್ಲಿ ಚುಮುಚುಮು, ಎಲ್ಲಿ ಉರಿ ಅಂತ ಅದರಲ್ಲೇ ಗುರುತು ಮಾಡಿ. ರಾತ್ರಿ ಎಚ್ಚರ ಆದಾಗಲೇ ಮಾಡಿದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಕೇಳಿದರೆ ಎಲ್ಲರೂ "ಇಡೀ ಕೈ" ಅಂತಲೇ ಹೇಳುವುದು.

ಮೀಡಿಯನ್ ನರದ ವ್ಯಾಪ್ತಿ ಅಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತು ಉಂಗುರ ಬೆರಳಿನ ಅರ್ಧ, ಅದೂ ನಡುಬೆರಳಿನ ಕಡೆಯ ಅರ್ಧ. ಕಿರುಬೆರಳು ಇದರಲ್ಲಿ ಬರುವುದಿಲ್ಲ. ಹಾಗಾಗಿ ಕಿರುಬೆರಳನ್ನು ಬೇರೆಯಾಗಿ ಮುಟ್ಟಿ ನೋಡಿ. ಕಿರುಬೆರಳೇ ಮುಖ್ಯವಾಗಿ ಜೋಮು ಹಿಡಿಯುತ್ತಿದ್ದರೆ ತೊಂದರೆ ಬೇರೆ ನರದ್ದು, ಹೆಚ್ಚಾಗಿ ಮೊಣಕೈ ಹತ್ತಿರ ಒತ್ತುವ ಅಲ್ನಾರ್ ನರದ್ದು. ಕತ್ತಿನಿಂದ ತೋಳಿಗೆ ಸೆಳೆತ ಇಳಿದು ಬರುತ್ತಿದ್ದರೆ, ಕತ್ತು ತಿರುಗಿಸಿದಾಗ ಜಾಸ್ತಿ ಆಗುತ್ತಿದ್ದರೆ ಕತ್ತಿನ ಮೂಳೆ ಕಡೆ ನೋಡಬೇಕು. ಎರಡೂ ಪಾದ ಮೊದಲು ಜೋಮು ಹಿಡಿದು ಆಮೇಲೆ ಕೈಗೆ ಬಂದಿದ್ದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮೊದಲು ಮಾಡಿಸಿ.

ಇನ್ನೊಂದು ಸುಳಿವು ಇದೆ. ಎಚ್ಚರ ಆದ ಕೂಡಲೇ ಕೈಯನ್ನು ನೀರು ಕೊಡವುವ ಹಾಗೆ ಕೊಡವುತ್ತೀರಾ, ಕೊಡವಿದರೆ ಹಗುರ ಆಗುತ್ತದಾ? ಡಾಕ್ಟರು ಕೇಳದಿದ್ದರೂ ಇದನ್ನು ಹೇಳಿ, ಕಾರ್ಪಲ್ ಟನಲ್‌ನಲ್ಲಿ ತುಂಬ ಜನ ಹೇಳುವ ಲಕ್ಷಣ ಇದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಗೆ ಫಾಲೆನ್ ಟೆಸ್ಟ್ ಅಂತ ಹೆಸರು. ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗುವಂತೆ, ಬೆರಳು ಕೆಳಗೆ ಮಾಡಿ, ಒಂದು ನಿಮಿಷ ಹಿಡಿಯಿರಿ. ಆ ಬೆರಳುಗಳಲ್ಲೇ ಜೋಮು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಬರಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಇದೊಂದನ್ನೇ ನಂಬಿ ಕೂರಬೇಡಿ.

2. ಕೆಲಸ ಮಾಡುವ ಕೈಯನ್ನು ವಿಡಿಯೊ ಮಾಡಿಸಿ

ಮುಖ ಬೇಡ, ಮೊಣಕೈಯಿಂದ ಬೆರಳ ತುದಿಯವರೆಗೆ ಕಾಣಬೇಕು. ಪಕ್ಕದಿಂದ ಐದು ನಿಮಿಷ, ಮೇಲಿನಿಂದ ಐದು ನಿಮಿಷ. ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲ ಅಂದರೆ ಮನೆಯಲ್ಲಿ ಅದೇ ಸಾಧನ ಹಿಡಿದು ಅದೇ ಚಲನೆ ಮಾಡಿ ತೋರಿಸಿ. ಕ್ಯಾಮೆರಾ ಮುಂದೆ ಎಲ್ಲರೂ ನಿಧಾನವಾಗಿ, ನೀಟಾಗಿ ಮಾಡಲು ಹೋಗುತ್ತಾರೆ. ಅದು ಬೇಡ. ಸಂಜೆ ದಣಿದಾಗ, ಟಾರ್ಗೆಟ್ ಮುಗಿಸುವ ಅವಸರದಲ್ಲಿ ಹೇಗೆ ಮಾಡುತ್ತೀರೋ ಹಾಗೇ ಇರಲಿ.

3. ವಿಡಿಯೊದಲ್ಲಿ ನಾಲ್ಕು ವಿಷಯ ಹುಡುಕಿ

*ಬಲ.* ಎಷ್ಟು ಬಿಗಿಯಾಗಿ ಹಿಡಿಯುತ್ತೀರಿ, ಎಷ್ಟು ಒತ್ತುತ್ತೀರಿ? ಉಗುರಿನ ತುದಿ ಬೆಳ್ಳಗಾಗುತ್ತಿದ್ದರೆ ಬಲ ಜಾಸ್ತಿ ಅಂತಲೇ ಅರ್ಥ. ಮುಷ್ಟಿಯಲ್ಲಿ ಹಿಡಿಯುವುದಕ್ಕಿಂತ ಬೆರಳ ತುದಿಯಲ್ಲಿ ಚಿಮುಟಿ ಹಿಡಿಯುವುದು ಹುರಿಗಳಿಗೆ ತುಂಬ ಭಾರ.

*ಪದೇ ಪದೇ.* ಒಂದು ಸುತ್ತು ಕೆಲಸಕ್ಕೆ ಎಷ್ಟು ಸೆಕೆಂಡ್? 30 ಸೆಕೆಂಡಿಗಿಂತ ಕಡಿಮೆ ಇದ್ದರೆ, ಅಥವಾ ಕೆಲಸದ ಅರ್ಧಕ್ಕಿಂತ ಹೆಚ್ಚು ಹೊತ್ತು ಕೈ ಒಂದೇ ಚಲನೆ ಮಾಡುತ್ತಿದ್ದರೆ ಅದನ್ನು ಪುನರಾವರ್ತನೆ ಜಾಸ್ತಿ ಇರುವ ಕೆಲಸ ಅಂತ ಪರಿಗಣಿಸುತ್ತಾರೆ.

*ಬಾಗು.* ಮಣಿಕಟ್ಟು ನೇರ ಇದೆಯಾ, ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಬಾಗಿದೆಯಾ? ವಿಡಿಯೊ ನಿಲ್ಲಿಸಿ ಪರದೆಯ ಮೇಲೆ ಸ್ಕೇಲ್ ಇಟ್ಟು ನೋಡಿ.

*ನಡುಕ.* ಕೈಯಲ್ಲಿ ಹಿಡಿದ ಮೆಷಿನ್ ಅದುರುತ್ತದಾ? ದಿನಕ್ಕೆ ಎಷ್ಟು ಗಂಟೆ?

ಇವುಗಳಲ್ಲಿ ಒಂದೇ ಇದ್ದರೆ ಅಪಾಯ ಅಷ್ಟಿಲ್ಲ, ನಡುಕ ಮಾತ್ರ ಇದಕ್ಕೆ ಹೊರತು. ಎರಡು ಮೂರು ಸೇರಿದಾಗ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಅಮೆರಿಕದಲ್ಲಿ 652 ಕಾರ್ಮಿಕರನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಹೆಸರಾಗಿದೆ. ಬಲವೂ ಕಡಿಮೆ, ಪುನರಾವರ್ತನೆಯೂ ಕಡಿಮೆ ಇರುವ ಕೆಲಸದವರಿಗೆ ಹೋಲಿಸಿದರೆ ಎರಡೂ ಜಾಸ್ತಿ ಇರುವವರಲ್ಲಿ ಕಾರ್ಪಲ್ ಟನಲ್ ಸಾಧ್ಯತೆ 15 ಪಟ್ಟಿಗೂ ಹೆಚ್ಚು ಅಂತ ಅದರಲ್ಲಿ ಕಂಡುಬಂತು.

4. ನಿಮ್ಮ ಕೆಲಸವನ್ನು ಇವುಗಳ ಪಕ್ಕ ಇಟ್ಟು ನೋಡಿ

ಗಾರ್ಮೆಂಟ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರು ಸುತ್ತಮುತ್ತ ಲಕ್ಷಾಂತರ ಹೆಣ್ಣುಮಕ್ಕಳು ಈ ಕೆಲಸದಲ್ಲಿದ್ದಾರೆ. ಎಲ್ಲರಿಗೂ ಗಾರ್ಮೆಂಟ್ಸ್ ಅಂತ ಒಂದೇ ಹೆಸರು, ಆದರೆ ಕೈಗೆ ಬೀಳುವ ಕೆಲಸ ಬೇರೆ ಬೇರೆ. ಟೈಲರ್ ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುವಾಗ ಎರಡೂ ಮಣಿಕಟ್ಟು ಮೇಲಕ್ಕೆ ಬಾಗಿರುತ್ತದೆ. ನೂಲು ಕತ್ತರಿಸುವ ಹೆಲ್ಪರ್ ಸಣ್ಣ ಟ್ರಿಮ್ಮರನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾಳೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 120 ಪೀಸ್ ಟಾರ್ಗೆಟ್ ಅಂದರೆ ಒಂದು ಪೀಸಿಗೆ 30 ಸೆಕೆಂಡ್. ಒಂದು ಪೀಸಿನಲ್ಲಿ ಐದು ಕಡೆ ನೂಲು ಕತ್ತರಿಸಬೇಕು ಅಂದರೆ ಎಂಟು ಗಂಟೆಗೆ 4,800 ಸಲ ಆ ಎರಡು ಬೆರಳು ಒತ್ತಬೇಕು. ಟ್ರಿಮ್ಮರ್ ಮೊಂಡಾಗಿದ್ದರೆ ಒಂದೊಂದು ಸಲವೂ ಜಾಸ್ತಿ ಬಲ. ಕಾಲರ್ ತಿರುವಿ ಮೂಲೆ ಎತ್ತುವವರು, ಜೀನ್ಸ್‌ನಂಥ ದಪ್ಪ ಬಟ್ಟೆ ಎಳೆಯುವವರು ಕೂಡ ಇದೇ ಸಾಲಿನಲ್ಲಿ ಬರುತ್ತಾರೆ. ಮಡಚಿ ಪ್ಯಾಕ್ ಮಾಡುವವರಿಗೆ ಬಲ ಕಡಿಮೆ.

ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕೂತು ಕಾಯಿಯನ್ನು ಚಿಮುಟಿ ಹಿಡಿದು, ಕತ್ತಿಗೆ ಒತ್ತಿ, ಮಣಿಕಟ್ಟು ತಿರುಗಿಸಿ ಸಿಪ್ಪೆ ಬಿಡಿಸುತ್ತಾರೆ. ಬಲ, ಪುನರಾವರ್ತನೆ, ಬಾಗು ಮೂರೂ ಸೇರಿತು. ಸುಲಿದಷ್ಟಕ್ಕೆ ಕೂಲಿ ಆದ್ದರಿಂದ ಕೈ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊಯ್ಲು ಶುರುವಾದ ಮೊದಲ ವಾರದಲ್ಲೇ ಕೈಗೆ ಪೂರ್ತಿ ಹೊರೆ ಬೀಳುತ್ತದೆ. ಸಾಧ್ಯವಾದರೆ ಮೊದಲ ವಾರ ಹೊತ್ತು ಕಡಿಮೆ ಮಾಡಿ, ಆಮೇಲೆ ಏರಿಸಿ.

ಕಂಬಿ ಕಟ್ಟುವವರದು ಬೈಂಡಿಂಗ್ ವೈರಿಗೆ ಕೊಕ್ಕೆ ಹಾಕಿ ಮಣಿಕಟ್ಟು ತಿರುಚುವ ಕೆಲಸ, ದಿನವಿಡೀ. ಅದೇ ಸೈಟಿನಲ್ಲಿ ಕಾಂಕ್ರೀಟ್ ಒಡೆಯುವ ಬ್ರೇಕರ್ ಹಿಡಿಯುವವರು, ಗ್ರೈಂಡರಿನಲ್ಲಿ ಟೈಲ್ಸ್ ಮತ್ತು ಗ್ರಾನೈಟ್ ಕೊಯ್ಯುವವರಿಗೆ ನಡುಕದ ಅಪಾಯ. ಕೈಯಲ್ಲಿ ಹಿಡಿದು ಬಳಸುವ, ಅದುರುವ ಸಾಧನಗಳನ್ನು ವರ್ಷಗಟ್ಟಲೆ ಬಳಸಿದರೆ ಅಪಾಯ ದುಪ್ಪಟ್ಟಿಗಿಂತ ಹೆಚ್ಚು ಅಂತ ಸಂಶೋಧನೆಗಳನ್ನು ಒಟ್ಟಾಗಿ ನೋಡಿದವರು ಹೇಳುತ್ತಾರೆ. ಮರ ಕೊಯ್ಯುವ ಚೈನ್ ಸಾ, ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಕೂಡ ಇದಕ್ಕೆ ಸೇರಿತು. ಬ್ರಿಟನ್ನಿನಲ್ಲಿ ಇಂಥ ಸಾಧನ ಬಳಸಿ ಬರುವ ಕಾರ್ಪಲ್ ಟನಲ್ ಸರ್ಕಾರವೇ ಒಪ್ಪಿಕೊಂಡ ಕೆಲಸದ ಕಾಯಿಲೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಇದರ ಹೆಸರು ಇರಲಿಲ್ಲ. ಇರಬೇಕಿತ್ತು.

ಹಾಲು ಕರೆಯುವವರು: ಒಂದೆರಡು ಹಸು ಇದ್ದರೆ ಚಿಂತೆ ಬೇಡ. ಎಂಟು ಹತ್ತು ಹಸುವನ್ನು ಎರಡು ಹೊತ್ತೂ ಒಬ್ಬರೇ ಕೈಯಲ್ಲಿ ಕರೆಯುವುದಾದರೆ ಅಪಾಯ ಇದೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುವ ಅಭ್ಯಾಸ ಬಿಡಿ, ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯಿರಿ. ಅದು ಹಸುವಿನ ಮೊಲೆತೊಟ್ಟಿಗೂ ಒಳ್ಳೆಯದು.

ಈಗ ಕಂಪ್ಯೂಟರ್. ಡೆನ್ಮಾರ್ಕಿನಲ್ಲಿ ಸುಮಾರು 7,000 ನೌಕರರನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೀಬೋರ್ಡ್ ಬಳಕೆಗೂ ಕಾರ್ಪಲ್ ಟನಲ್‌ಗೂ ಗಟ್ಟಿ ಸಂಬಂಧ ಸಿಗಲಿಲ್ಲ. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮೌಸ್ ಹಿಡಿಯುವವರಲ್ಲಿ ಮಾತ್ರ ಜೋಮು ಸ್ವಲ್ಪ ಹೆಚ್ಚು ಕಂಡಿತು. ಟೈಪಿಂಗಿನಲ್ಲಿ ಪುನರಾವರ್ತನೆ ಇದೆ, ಬಲ ಇಲ್ಲ, ಅಲ್ವಾ? ಹಾಗಾಗಿ ಸಾಫ್ಟ್‌ವೇರಿನವರು ಕೆಲಸ ಬಿಡುವ ಯೋಚನೆ ಮಾಡುವ ಮೊದಲು ಮುಂದಿನ ಹಂತವನ್ನು ಗಮನ ಕೊಟ್ಟು ಓದಿ.

5. ಕೆಲಸದ ಆಚೆಗಿನ ಕಾರಣಗಳನ್ನೂ ಎಣಿಸಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ರುಮಟಾಯ್ಡ್ ಸಂಧಿವಾತ, ಜಾಸ್ತಿ ತೂಕ, ಹಿಂದೆ ಮಣಿಕಟ್ಟಿನ ಮೂಳೆ ಮುರಿದಿದ್ದು, ಇವೆಲ್ಲ ಕೆಲಸ ಇಲ್ಲದಿದ್ದರೂ ಕಾರ್ಪಲ್ ಟನಲ್ ತರಬಲ್ಲವು. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ 40ರಿಂದ 60 ವಯಸ್ಸಿನಲ್ಲಿ ಹೆಚ್ಚು. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಕಾಣಿಸಿಕೊಂಡು ಹೆರಿಗೆಯ ನಂತರ ತಾನಾಗಿ ಇಳಿಯುವುದು ಸಾಮಾನ್ಯ. ಸಕ್ಕರೆ ಮತ್ತು ಥೈರಾಯ್ಡ್‌ನ ರಕ್ತಪರೀಕ್ಷೆ ಮಾಡಿಸದೆ "ಕೆಲಸದಿಂದಲೇ ಬಂತು" ಅಂತ ತೀರ್ಮಾನ ಮಾಡಬೇಡಿ. ಹಾಗೆಯೇ ಸಕ್ಕರೆ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಲಸವನ್ನು ಲೆಕ್ಕದಿಂದ ಬಿಟ್ಟುಬಿಡಬೇಡಿ, ಎರಡೂ ಸೇರಿ ನರವನ್ನು ಒತ್ತುತ್ತಿರಬಹುದು.

ಮನೆಗೆಲಸವನ್ನೂ ಎಣಿಸಿ. ಲೈನಿನಲ್ಲಿ ಎಂಟು ಗಂಟೆ ದುಡಿದು ಬಂದವಳೇ ಬಟ್ಟೆ ಒಗೆದು ಹಿಂಡಬೇಕು, ಕಾಯಿ ತುರಿಯಬೇಕು, ಚಪಾತಿ ಲಟ್ಟಿಸಬೇಕು. ಒದ್ದೆ ಬೆಡ್‌ಶೀಟ್ ಹಿಂಡುವುದರಲ್ಲಿ ಪೂರ್ತಿ ಬಲ ಮತ್ತು ಪೂರ್ತಿ ತಿರುಚು ಎರಡೂ ಇವೆ. ಅದನ್ನು ಹಿಂಡದೆ ಹಾಗೇ ನೀರು ಸೋರಲು ತೂಗುಹಾಕಿ, ಇಲ್ಲವೇ ಮನೆಯ ಇನ್ನೊಬ್ಬರು ಹಿಂಡಲಿ. ಕೈ ನೋವಿರುವವಳೇ ಹಿಂಡಬೇಕು ಅಂತ ಎಲ್ಲೂ ಬರೆದಿಲ್ಲ.

6. ಕೆಲಸ ಬಿಡದೆ ಕೆಲಸದ ರೀತಿ ಬದಲಿಸಿ

ಮೊದಲು ಬಲ ಕಡಿಮೆ ಮಾಡಿ, ಫಲ ಬೇಗ ಕಾಣುವುದು ಅಲ್ಲಿಯೇ. ಕತ್ತರಿ, ಚಾಕು, ಟ್ರಿಮ್ಮರ್, ಮೆಟ್ಟುಗತ್ತಿ ಯಾವಾಗಲೂ ಹರಿತ ಇರಲಿ. ಹಿಡಿ ತೆಳ್ಳಗಿದ್ದರೆ ಅದಕ್ಕೆ ಬಟ್ಟೆಯನ್ನೋ ಸೈಕಲ್ ಟ್ಯೂಬನ್ನೋ ಸುತ್ತಿ ದಪ್ಪ ಮಾಡಿ. ದಪ್ಪ ಕೈಗವಸು ಹಾಕಿದರೆ ಕೈಗೆ ಆರಾಮ ಅಂತ ಅನ್ನಿಸುತ್ತದೆ, ಆದರೆ ಹಿಡಿತ ಜಾರುವುದರಿಂದ ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ. ಕೈಗೆ ಸರಿಯಾದ ಅಳತೆಯದನ್ನೇ ಹಾಕಿ.

ಬಾಗು ಸರಿಮಾಡಲು ಕೈಯನ್ನು ಬಗ್ಗಿಸುವ ಬದಲು ವಸ್ತುವನ್ನು ತಿರುಗಿಸಿ, ಅಥವಾ ಕೂರುವ ಎತ್ತರ ಬದಲಿಸಿ. ಹೊಲಿಗೆಯವರ ಸ್ಟೂಲ್ ತಗ್ಗಾಗಿದ್ದರೆ ಮಣಿಕಟ್ಟು ಬಾಗಲೇಬೇಕು, ಒಂದು ಗಟ್ಟಿ ದಿಂಬು ಇಟ್ಟು ನೋಡಿ. ಕಂಪ್ಯೂಟರಿನವರು ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿ ಇಡಿ, ಮೌಸನ್ನು ಹತ್ತಿರ ತನ್ನಿ. ಅಂಗೈ ಬುಡವನ್ನು ಮೇಜಿನ ಅಂಚಿಗೆ ಒತ್ತಿ ಕೂರಬೇಡಿ, ನರ ಹಾದುಹೋಗುವುದೇ ಅಲ್ಲಿ.

ಮೆಷಿನ್ ಹಿಡಿಯುವವರು ಸವೆದ ಡಿಸ್ಕ್, ಮೊಂಡ ಉಳಿ ಕೂಡಲೇ ಬದಲಿಸಿ. ಅವುಗಳಿಂದ ನಡುಕ ಜಾಸ್ತಿ. ಮೆಷಿನ್ನಿನ ತೂಕವೇ ಕೆಲಸ ಮಾಡಲಿ, ಹಿಡಿತ ಸಡಿಲ ಇರಲಿ, ಆದರೆ ಕೈ ಜಾರುವಷ್ಟು ಅಲ್ಲ.

ಸೂಪರ್‌ವೈಸರ್ ಹತ್ತಿರ ಕೆಲಸ ಬದಲಿಸಿ ಕೊಡಿ ಅಂತ ಕೇಳುವಾಗ ಎಚ್ಚರ. ನೂಲು ಕತ್ತರಿಸುವುದರಿಂದ ಗುಂಡಿ ಒತ್ತುವುದಕ್ಕೆ ಹಾಕಿದರೆ ಬೆರಳಿಗೆ ಏನೂ ಬದಲಾಗಲಿಲ್ಲ. "ಚಿಮುಟಿ ಹಿಡಿಯುವ ಕೆಲಸ ಬೇಡ, ಎರಡು ಗಂಟೆಗೊಮ್ಮೆ ಮಡಚುವ ಕಡೆ ಹಾಕಿ" ಅಂತ ಸ್ಪಷ್ಟವಾಗಿ ಕೇಳಿ.

7. ರಾತ್ರಿ ಪಟ್ಟಿ ಕಟ್ಟಿ

ಮಣಿಕಟ್ಟನ್ನು ನೇರ ಹಿಡಿದಿಡುವ ಪಟ್ಟಿಗೆ ಸ್ಪ್ಲಿಂಟ್ ಅನ್ನುತ್ತಾರೆ. ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಕೊಡುವುದು ಕಾಕ್-ಅಪ್ ಸ್ಪ್ಲಿಂಟ್, ಅದರೊಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಾಗಿಸಿಡುತ್ತದೆ. ಕಾರ್ಪಲ್ ಟನಲ್‌ಗೆ ಅದು ಸರಿಯಲ್ಲ. ಆ ಲೋಹವನ್ನು ಹೊರಗೆ ತೆಗೆದು ನೇರ ಮಾಡಿ ಮತ್ತೆ ಒಳಗೆ ಸೇರಿಸಿ. ಆಗದಿದ್ದರೆ ಫಿಸಿಯೊಥೆರಪಿಯವರ ಹತ್ತಿರ ಮಾಡಿಸಿ. ಬೆರಳು ಸಲೀಸಾಗಿ ಮಡಚುವಂತೆ, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಕನಿಷ್ಠ ಆರು ವಾರ ಪ್ರತಿ ರಾತ್ರಿ ಕಟ್ಟಬೇಕು. ನಾಲ್ಕು ದಿನ ಕಟ್ಟಿ "ಏನೂ ಆಗಲಿಲ್ಲ" ಅಂತ ಮೂಲೆಗೆ ಎಸೆಯುವವರು ತುಂಬ ಜನ.

ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಬೇಡಿ, ಒತ್ತಡ ಇನ್ನೂ ಏರುತ್ತದೆ. ಸ್ಪ್ಲಿಂಟ್ ಹಾಕಿಕೊಂಡೇ ಭಾರದ ಕೆಲಸ ಮಾಡಬೇಡಿ, ಅದರ ವಿರುದ್ಧ ಕೈ ಬಗ್ಗಿಸಲು ಹೋಗಿ ಬಲ ಜಾಸ್ತಿ ಬೀಳುತ್ತದೆ. ಸ್ಪಂಜಿನ ಚೆಂಡು ಹಿಸುಕುವ ವ್ಯಾಯಾಮವೂ ಬೇಡ. ಯಾರೋ ಹೇಳಿದರು ಅಂತ ಬಿ6 ವಿಟಮಿನ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ, ಪ್ರಮಾಣ ಮೀರಿದರೆ ಆ ಮಾತ್ರೆಯೇ ನರಗಳಿಗೆ ಹಾನಿ ಮಾಡುತ್ತದೆ.

8. ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ

ಆರು ವಾರ ಕಳೆದರೂ ಕಡಿಮೆ ಆಗದಿದ್ದರೆ ಹೋಗಿ. ಜೋಮು ದಿನವಿಡೀ ಇದ್ದರೆ, ಲೋಟ ಕೈಯಿಂದ ಜಾರುತ್ತಿದ್ದರೆ, ಗುಂಡಿ ಹಾಕಲು ಆಗದಿದ್ದರೆ, ಹೆಬ್ಬೆರಳ ಬುಡದ ಮಾಂಸದ ದಿಬ್ಬ ಚಪ್ಪಟೆ ಆಗಿದ್ದರೆ ಆರು ವಾರ ಕಾಯಲೇಬೇಡಿ. ಎರಡು ಅಂಗೈಗಳನ್ನು ಪಕ್ಕಪಕ್ಕ ಇಟ್ಟು ಬೆಳಕಲ್ಲಿ ನೋಡಿದರೆ ಆ ವ್ಯತ್ಯಾಸ ಕಾಣುತ್ತದೆ. ಒಮ್ಮೆ ಸೊರಗಿದ ಆ ಮಾಂಸ ಮತ್ತೆ ಪೂರ್ತಿ ಬರುತ್ತದೆ ಅಂತ ಯಾರೂ ಭರವಸೆ ಕೊಡಲಾರರು.

ಮೂಳೆ ಡಾಕ್ಟರು ಅಥವಾ ನರರೋಗ ತಜ್ಞರನ್ನು ನೋಡಿ. ಬೆರಳಿನ ಚಿತ್ರ, ವಿಡಿಯೊ, ರಕ್ತಪರೀಕ್ಷೆ ವರದಿ ಜೊತೆಗೆ ಇರಲಿ. ನರ್ವ್ ಕಂಡಕ್ಷನ್ ಸ್ಟಡಿ ಬರೆದುಕೊಡಬಹುದು, ಅಂದರೆ ಸಣ್ಣ ಸಣ್ಣ ಶಾಕ್ ಕೊಟ್ಟು ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುವುದು. ಶುರುವಿನಲ್ಲಿ ಇದು ನಾರ್ಮಲ್ ಅಂತಲೂ ಬರಬಹುದು, ಲಕ್ಷಣ ಇದ್ದರೆ ಅಷ್ಟಕ್ಕೇ ಬಿಡಬೇಡಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದವರಿಗೆ ಡಿಸ್ಪೆನ್ಸರಿಯಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳುವ ದಾರಿ ಇದೆ. ಇದು ಕೆಲಸದಿಂದಲೇ ಬಂದಿದ್ದು ಅಂತ ಸಾಬೀತು ಮಾಡದಿದ್ದರೂ ಚಿಕಿತ್ಸೆ ಸಿಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಕಾಯಿಲೆ ಭತ್ಯೆಯೂ ಇದೆ. ಅದಕ್ಕೆ ಇಎಸ್‌ಐ ಡಾಕ್ಟರೇ ಕೊಟ್ಟ ಸರ್ಟಿಫಿಕೇಟ್ ಬೇಕು. ಆದ್ದರಿಂದ ಹೊರಗೆ ತೋರಿಸುತ್ತಿದ್ದರೂ ರಜೆ ಹಾಕುವ ಮೊದಲೇ ಅಲ್ಲಿಗೊಮ್ಮೆ ಹೋಗಿ ಬನ್ನಿ.

ಸ್ಪ್ಲಿಂಟ್ ಸಾಲದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಹಲವರಿಗೆ ಕೆಲವು ತಿಂಗಳು ನೆಮ್ಮದಿ ಸಿಗುತ್ತದೆ. ಅದೂ ಆಗದಿದ್ದರೆ ಆಪರೇಷನ್. ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ ಮೇಲಿನ ಪಟ್ಟಿಯನ್ನು ಕೊಯ್ದು ನರಕ್ಕೆ ಜಾಗ ಮಾಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಹಗುರ ಕೆಲಸಕ್ಕೆ ಎರಡರಿಂದ ನಾಲ್ಕು ವಾರ, ಬಿಗಿ ಹಿಡಿತದ ಕೆಲಸಕ್ಕೆ ಆರರಿಂದ ಹನ್ನೆರಡು ವಾರ ಬೇಕಾಗಬಹುದು. ಅಂಗೈ ಬುಡದ ಎರಡು ಬದಿಯ ನೋವು ಕೆಲವು ತಿಂಗಳು ಉಳಿಯುವುದು ಸಹಜ, ಆಪರೇಷನ್ ಕೆಟ್ಟಿತು ಅಂತ ಗಾಬರಿ ಬೇಡ. ಕೆಲಸಕ್ಕೆ ವಾಪಸ್ ಹೋಗುವ ದಿನ ಗೊತ್ತಾದ ಕೂಡಲೇ ಎರಡನೇ ಹಂತದ ವಿಡಿಯೊ ತೆಗೆದು ಮತ್ತೊಮ್ಮೆ ನೋಡಿ. ಅದರಲ್ಲಿ ಕಂಡ ಮೊಂಡ ಟ್ರಿಮ್ಮರ್, ತಗ್ಗು ಸ್ಟೂಲ್, ಸವೆದ ಡಿಸ್ಕ್ ಏನಿದೆಯೋ ಅದನ್ನು ಮೊದಲ ದಿನ ಕೆಲಸಕ್ಕೆ ಕೈ ಹಾಕುವ ಮೊದಲೇ ಬದಲಿಸಿಕೊಳ್ಳಿ.